ಓಡುವ ಸರ್ವರನ್ನು ನಿಲ್ಲಿಸದೆ ನೋಡುವುದು



ನ್ಯಾಯಬೆಲೆ ಅಂಗಡಿಯ ಮುಂದೆಯೋ ನೋಂದಣಿ ಕಚೇರಿಯ ಪಡಸಾಲೆಯಲ್ಲೋ ಸರದಿಗೆ ನಿಂತವರೆಲ್ಲ ಕೇಳಿರುವ ಮಾತು ‘ಸರ್ವರ್ ಡೌನ್’. ಈ ಎರಡು ಪದ ಈಗ ಕನ್ನಡದ ನುಡಿಗಟ್ಟೇ ಆಗಿಹೋಗಿದೆ. ಅದು ಕಿವಿಗೆ ಬಿದ್ದ ಕೂಡಲೇ ಚೀಲ ಹಿಡಿದು ಬಂದವರು ಮನೆಯ ಕಡೆ ತಿರುಗುತ್ತಾರೆ. ನಾಳೆ ಬನ್ನಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಎಷ್ಟೋ ಸಲ ಆ ಮಾತು ನಿಜವಾಗಿರುವುದಿಲ್ಲ. ಸರ್ವರ್ ಬಿದ್ದಿರುವುದಿಲ್ಲ, ಎದ್ದೇ ಇರುತ್ತದೆ. ಕರೆಂಟಿದೆ, ಯಂತ್ರ ಬಿಸಿಯಾಗಿದೆ, ಪ್ರೋಗ್ರಾಂ ಓಡುತ್ತಿದೆ; ಉತ್ತರ ಮಾತ್ರ ಬರುತ್ತಿಲ್ಲ. ನಿಂತುಹೋದ ಯಂತ್ರದ ರೋಗ ಒಂದು ಬಗೆ, ಓಡುತ್ತಲೇ ಕೆಟ್ಟಿರುವ ಯಂತ್ರದ ರೋಗ ಇನ್ನೊಂದು ಬಗೆ. ನಾನು ಇವತ್ತು ಮಾತಾಡಬೇಕೆಂದಿರುವುದು ಈ ಎರಡನೆಯದರ ಬಗ್ಗೆ. ಓಡುತ್ತಿರುವ ಸರ್ವರ್ ಪ್ರೋಗ್ರಾಮನ್ನು ನಿಲ್ಲಿಸದೆ ಒಳಗೆ ಇಣುಕಿ ನೋಡುವ ಅನುಕೂಲ ಆ ಪ್ರೋಗ್ರಾಮಿನ ಒಂದು ಅಂಗವೇ ಆಗಿರಬೇಕು, ಅದಿಲ್ಲದ ಪ್ರೋಗ್ರಾಂ ಅರೆಬರೆ ಕೆಲಸ ಎಂಬುದು ನನ್ನ ವಾದ. ಜೊತೆಗೆ, ನೋಡುವುದನ್ನೂ ಮುಟ್ಟುವುದನ್ನೂ ಬೇರೆಬೇರೆ ಇಡದೆ ಹೋದರೆ ಆ ಅನುಕೂಲವೇ ಅಪಾಯವಾಗುತ್ತದೆ ಎಂದೂ ತೋರಿಸಬೇಕೆಂದಿದ್ದೇನೆ.

ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ಸಾರಿನವನ ಕೈಯಲ್ಲಿ ಬಕೆಟ್ ಇದೆ, ಸೌಟಿಲ್ಲ. ಹುಳಿಯವನ ಕೈಯಲ್ಲಿ ಸೌಟಿದೆ, ಬಕೆಟ್ ಇಲ್ಲ. ತನಗೆ ಬೇಕಾದದ್ದು ಸಿಗುವವರೆಗೆ ಕೈಯಲ್ಲಿರುವುದನ್ನು ಬಿಡುವುದಿಲ್ಲವೆಂದು ಇಬ್ಬರೂ ಕಾಯುತ್ತಿದ್ದಾರೆ. ಎಲೆ ಹಾಕಿದ್ದಾಗಿದೆ, ಉಣ್ಣುವವರು ಕುಳಿತಿದ್ದಾರೆ, ಬಡಿಸುವವರೂ ನಿಂತಿದ್ದಾರೆ, ಊಟ ಮಾತ್ರ ಇಲ್ಲ. ಸರ್ವರಿನೊಳಗೂ ಹೀಗೆಯೇ ನಡೆಯುತ್ತದೆ. ಅಲ್ಲಿ ಏಕಕಾಲಕ್ಕೆ ನೂರಾರು ಥ್ರೆಡ್‌ಗಳು, ಅಂದರೆ ಕೆಲಸದ ಎಳೆಗಳು, ಓಡುತ್ತಿರುತ್ತವೆ. ಒಂದೊಂದೂ ಒಂದು ಲಾಕ್, ಅಂದರೆ ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಹಕ್ಕು, ಹಿಡಿದು ಇನ್ನೊಂದಕ್ಕಾಗಿ ಕಾದಿರಬಹುದು. ಯಾವುದು ಏನನ್ನು ಹಿಡಿದಿದೆ, ಯಾವ ಸರದಿಯಲ್ಲಿ ಎಷ್ಟು ವಿನಂತಿಗಳು ನಿಂತಿವೆ, ವಾರಗಟ್ಟಲೆ ಓಡಿದ ಮೇಲೆ ಮೆಮೊರಿಯಲ್ಲಿ ಏನೇನು ಶೇಖರವಾಗಿದೆ, ಇವೆಲ್ಲ ಆ ಗಳಿಗೆಯ ಸ್ಥಿತಿ. ಮೂಲ ಪ್ರೋಗ್ರಾಮಿನ ಸಾಲುಗಳನ್ನು ಎಷ್ಟು ಸಲ ಓದಿದರೂ ಇದು ಕಾಣದು. ಅಡಿಗೆಯವರ ಪಟ್ಟಿ ಓದಿ ಸೌಟು ಯಾರ ಕೈಯಲ್ಲಿದೆ ಎಂದು ಹೇಳಲು ಬರುವುದಿಲ್ಲ. ರೀಸ್ಟಾರ್ಟ್ ಎಂದರೆ ಎಲ್ಲರನ್ನೂ ಹೊರಗೆ ಕಳಿಸಿ ಪಂಕ್ತಿಯನ್ನು ಹೊಸದಾಗಿ ಕೂರಿಸುವುದು. ಊಟ ಶುರುವಾಗುತ್ತದೆ, ನಿಜ. ಆದರೆ ಏನಾಗಿತ್ತು ಎಂಬುದರ ಸಾಕ್ಷ್ಯ ಆ ಕ್ಷಣದಲ್ಲೇ ಅಳಿಸಿಹೋಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ರೀಸ್ಟಾರ್ಟಿನಿಂದ ಕೆಲಸ ನಡೆಯುತ್ತದಲ್ಲ, ಹಾಗಿದ್ದ ಮೇಲೆ ಸಾಕ್ಷ್ಯದ ಗೊಡವೆ ಯಾಕೆ? ಈ ಮಾತಿಗೆ ದೊಡ್ಡ ವಿದ್ವಾಂಸರ ಬೆಂಬಲವೂ ಇದೆ. ಟ್ಯಾಂಡಮ್ ಕಂಪ್ಯೂಟರ್ಸ್ ಸಂಸ್ಥೆಯಲ್ಲಿದ್ದ ಜಿಮ್ ಗ್ರೇ 1985ರಲ್ಲಿ, ಕಂಪ್ಯೂಟರುಗಳು ಏಕೆ ನಿಲ್ಲುತ್ತವೆ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಒಂದು ವರದಿ ಬರೆದರು. ತಂತ್ರಾಂಶದ ದೋಷಗಳನ್ನು ಅವರು ಎರಡಾಗಿ ವಿಂಗಡಿಸಿದರು. ಭೌತವಿಜ್ಞಾನಿ ಬೋರ್ ಹೇಳಿದ ಪರಮಾಣುವಿನಂತೆ ಗಟ್ಟಿಯಾಗಿ ನಿಂತಿದ್ದು, ಪ್ರತಿ ಸಲವೂ ಅದೇ ಜಾಗದಲ್ಲಿ ಸಿಗುವ ದೋಷ ಬೋರ್‌ಬಗ್. ಹೈಸನ್‌ಬರ್ಗನ ಹೆಸರು ಹೊತ್ತು, ನೋಡಹೋದರೆ ಕಾಣೆಯಾಗುವ ದೋಷ ಹೈಸನ್‌ಬಗ್. ಮುದ್ರಣದ ಸರದಿ ನೋಡಿಕೊಳ್ಳುವ ಒಂದು ಪ್ರೋಗ್ರಾಮಿನ ದೋಷದಾಖಲೆಯನ್ನು ಪರೀಕ್ಷಿಸಿದಾಗ, 132 ತಂತ್ರಾಂಶ ದೋಷಗಳ ಪೈಕಿ ಬೋರ್‌ಬಗ್ ಆಗಿದ್ದದ್ದು ಒಂದೇ ಒಂದು. ಉಳಿದೆಲ್ಲವೂ, ಪ್ರೋಗ್ರಾಮನ್ನು ಹೊಸ ಸ್ಥಿತಿಯಿಂದ ಶುರುಮಾಡಿದರೆ ಮತ್ತೆ ಬಾರದಂಥವು. ಆದ್ದರಿಂದ ಕೆಟ್ಟ ತಕ್ಷಣ ನಿಲ್ಲಿಸು, ತಕ್ಷಣ ಮತ್ತೆ ಎಬ್ಬಿಸು ಎಂಬುದು ಗ್ರೇ ಅವರ ಸಲಹೆ.

ಈ ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಉಣ್ಣುವವರನ್ನು ಕಾಯಿಸಿ ತನಿಖೆ ಮಾಡುವುದು ಸರಿಯಲ್ಲ. ಆದರೆ 132ರಲ್ಲಿ 131 ಎಂಬ ಆ ಲೆಕ್ಕ ಗ್ರೇ ಅವರಿಗೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಓಡುತ್ತಿದ್ದ ಯಂತ್ರಗಳು ಕೆಡುವ ಗಳಿಗೆಯಲ್ಲಿ ತಮ್ಮ ದೋಷವನ್ನು ಬರೆದಿಟ್ಟಿದ್ದವು, ಆ ದಾಖಲೆ ಉಳಿದಿತ್ತು, ಅದರಿಂದ ಬಂತು. ರೀಸ್ಟಾರ್ಟ್ ಮಾಡಿದರೆ ಸಾಕು ಎಂದು ಧೈರ್ಯವಾಗಿ ಹೇಳಲು ಕೂಡ ಮೊದಲು ಒಳಗೆ ನೋಡಿರಬೇಕಾಗುತ್ತದೆ. ಮೇಲಾಗಿ ಇವತ್ತಿನ ಸೇವೆಗಳು ಒಂದೇ ಯಂತ್ರದ ಮೇಲೆ ನಿಂತಿರುವುದಿಲ್ಲ. ಹತ್ತು ಸರ್ವರಿದ್ದರೆ ಒಂಬತ್ತನ್ನು ರೀಸ್ಟಾರ್ಟ್ ಮಾಡಿ, ಉಳಿದ ಒಂದಕ್ಕೆ ಹೊಸ ವಿನಂತಿ ಹೋಗದಂತೆ ಪಕ್ಕಕ್ಕಿಟ್ಟು, ಅದನ್ನು ಜೀವಂತವಾಗಿಯೇ ಪರೀಕ್ಷಿಸಬಹುದು. ಅದಕ್ಕೂ ವ್ಯವಧಾನವಿಲ್ಲ ಎನ್ನುವವರು ಎಲ್ಲ ಥ್ರೆಡ್‌ಗಳೂ ಆ ಕ್ಷಣ ಯಾವ ಸಾಲಿನಲ್ಲಿ ನಿಂತಿವೆ ಎಂಬ ಪಟ್ಟಿಯನ್ನಾದರೂ ತೆಗೆದಿಟ್ಟುಕೊಂಡು ಆಮೇಲೆ ಗುಂಡಿ ಒತ್ತಬಹುದು. ಆ ಪಟ್ಟಿ ತೆಗೆಯಲು ಕೆಲವು ಸೆಕೆಂಡು ಸಾಕು. ಹೀಗಿರುವಾಗ ಸೇವೆಯ ತುರ್ತಿಗೂ ತನಿಖೆಗೂ ಜಗಳವಿದೆ ಎನ್ನುವುದು ಅಷ್ಟಾಗಿ ನಿಲ್ಲುವ ಮಾತಲ್ಲ.

ನೋಡದೆ ರೀಸ್ಟಾರ್ಟ್ ಮಾಡಿದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ 2012ರ ಅಧಿಕ ಸೆಕೆಂಡಿನ ಪ್ರಕರಣ ಒಳ್ಳೆಯ ನಿದರ್ಶನ. ಭೂಮಿ ತಿರುಗುವ ವೇಗಕ್ಕೂ ಪರಮಾಣು ಗಡಿಯಾರಕ್ಕೂ ಬರುವ ಸಣ್ಣ ಅಂತರವನ್ನು ಸರಿದೂಗಿಸಲು ಆಗೊಮ್ಮೆ ಈಗೊಮ್ಮೆ ಒಂದು ಸೆಕೆಂಡನ್ನು ಕೂಡಿಸುತ್ತಾರೆ. ನಮ್ಮ ಪಂಚಾಂಗದ ಅಧಿಕಮಾಸ ಇದ್ದ ಹಾಗೆ. ಆ ವರ್ಷ ಜೂನ್ 30ರ ಕೊನೆಗೆ, ಅಂದರೆ ಭಾರತದಲ್ಲಿ ಜುಲೈ 1ರ ಬೆಳಗಿನ 5.30ಕ್ಕೆ, ಆ ಸೆಕೆಂಡು ಬಂತು. ಜಗತ್ತಿನ ಅನೇಕ ಕಡೆ ಲಿನಕ್ಸ್ ಸರ್ವರುಗಳು ಏಕಾಏಕಿ ಏದುಸಿರು ಬಿಡತೊಡಗಿದವು. ಜಾವಾ ಪ್ರೋಗ್ರಾಮುಗಳು, ಡೇಟಾಬೇಸುಗಳು ಮಾಡಲು ಕೆಲಸವಿಲ್ಲದೆಯೂ ಪ್ರೊಸೆಸರನ್ನು ಪೂರ್ತಿ ತಿನ್ನುತ್ತಿದ್ದವು. ರೀಸ್ಟಾರ್ಟ್ ಮಾಡಿದವರಿಗೆ ತೊಂದರೆ ಹೋಯಿತು, ಜೊತೆಗೆ ಕಾರಣವೂ ಹೋಯಿತು. ಒಳಗೆ ನೋಡಿದವರಿಗೆ ಕಂಡದ್ದು ಬೇರೆ. ‘ಅರ್ಧ ಸೆಕೆಂಡು ಮಲಗುತ್ತೇನೆ, ಆಮೇಲೆ ಎಬ್ಬಿಸು’ ಎಂದು ಕರ್ನೆಲಿಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಹೇಳಿ ಮಲಗಿದ ಥ್ರೆಡ್ ಮಲಗಿದ ಕ್ಷಣದಲ್ಲೇ ಏಳುತ್ತಿತ್ತು. ಮತ್ತೆ ಮಲಗಿ ಮತ್ತೆ ಏಳುತ್ತಿತ್ತು. ಕರ್ನೆಲಿನ ಮುಖ್ಯ ಗಡಿಯಾರ ಅಧಿಕ ಸೆಕೆಂಡನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು, ಆದರೆ ಟೈಮರುಗಳನ್ನು ನೋಡಿಕೊಳ್ಳುವ ಭಾಗಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ. ಅದು ಒಂದು ಸೆಕೆಂಡು ಮುಂದೆ ಓಡುತ್ತಿತ್ತು, ಹಾಗಾಗಿ ಅರ್ಧ ಸೆಕೆಂಡಿನ ನಿದ್ದೆ ಅದರ ಲೆಕ್ಕದಲ್ಲಿ ಆಗಲೇ ಮುಗಿದಿತ್ತು. ಚಿಕಿತ್ಸೆ ಒಂದು ಸಾಲಿನ ಆಜ್ಞೆ: ಗಡಿಯಾರ ತೋರಿಸುತ್ತಿರುವ ಸಮಯವನ್ನೇ ಮತ್ತೊಮ್ಮೆ ಗಡಿಯಾರಕ್ಕೆ ಕೊಡುವುದು. ಆಗ ಸುದ್ದಿ ಎಲ್ಲ ಕಡೆಗೂ ಮುಟ್ಟುತ್ತಿತ್ತು. ಸರ್ವರ್ ನಿಲ್ಲಲಿಲ್ಲ, ಬಳಕೆದಾರರ ಕೊಂಡಿ ತಪ್ಪಲಿಲ್ಲ. ಕರ್ನೆಲಿನ ದೋಷವೂ ತಿದ್ದುಪಡಿಯಾಯಿತು.

ಎರಡನೆಯ ಆಕ್ಷೇಪ: ಓಡುವ ಯಂತ್ರದ ಹತ್ತಿರ ಯಾಕೆ ಹೋಗಬೇಕು, ಪ್ರಯೋಗಾಲಯದಲ್ಲಿ ಅದರ ಪಡಿಯಚ್ಚು ಇಟ್ಟುಕೊಂಡು ದೋಷವನ್ನು ಅಲ್ಲೇ ಹುಡುಕಬಹುದಲ್ಲ? ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ನಾಸಾದ ಮಾರ್ಸ್ ಪಾಥ್‌ಫೈಂಡರ್. 1997ರ ಜುಲೈ 4ರಂದು ಅದು ಮಂಗಳದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ಅಳತೆ ತೆಗೆದುಕೊಳ್ಳುವ ಕಡಿಮೆ ಆದ್ಯತೆಯ ಕೆಲಸ ಒಂದು ಲಾಕ್ ಹಿಡಿದಿರುತ್ತಿತ್ತು. ಅದೇ ಲಾಕಿಗಾಗಿ ಅತಿ ಮುಖ್ಯವಾದ ಕೆಲಸ ಕಾಯುತ್ತಿತ್ತು. ನಡುವಿನ ಆದ್ಯತೆಯ ಕೆಲಸಗಳು ಮಧ್ಯೆ ನುಗ್ಗಿ, ಲಾಕ್ ಹಿಡಿದವನಿಗೆ ಅದನ್ನು ಬಿಡುವಷ್ಟೂ ಹೊತ್ತು ಕೊಡುತ್ತಿರಲಿಲ್ಲ. ಮುಖ್ಯ ಕೆಲಸ ಗಡುವಿಗೆ ಮುಗಿದಿಲ್ಲವೆಂದು ಕಂಡ ಕಾವಲು ವ್ಯವಸ್ಥೆ ಇಡೀ ಯಂತ್ರವನ್ನು ರೀಸೆಟ್ ಮಾಡುತ್ತಿತ್ತು; ಆ ದಿನದ ಉಳಿದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು. ಭೂಮಿಯ ಮೇಲಿದ್ದ ಪಡಿಯಚ್ಚಿನಲ್ಲಿ ಎಂಜಿನಿಯರುಗಳು ಅದೇ ಚಟುವಟಿಕೆಗಳನ್ನು ಮತ್ತೆ ಮತ್ತೆ ನಡೆಸಿ, 18 ಗಂಟೆಯೊಳಗೆ ದೋಷವನ್ನು ಬರಿಸಿದರು. ಲಾಕ್ ಹಿಡಿದವನಿಗೆ ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಒಂದು ಆಯ್ಕೆ ಆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮೊದಲೇ ಇತ್ತು, ಆದರೆ ಅದನ್ನು ಬಂದ್ ಮಾಡಿಡಲಾಗಿತ್ತು. ಅದನ್ನು ಚಾಲೂ ಮಾಡುವ ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು.

ಪಡಿಯಚ್ಚು ಗೆದ್ದಿತಲ್ಲ ಎನ್ನುವಿರಿ. ಏಕೆ ಗೆದ್ದಿತು ಎಂದು ನೋಡಿ. ಘಟನೆಗಳ ಜಾಡನ್ನು ಬರೆದಿಡುವ ಸೌಕರ್ಯವನ್ನು ಆ ಎಂಜಿನಿಯರುಗಳು ಉಡಾವಣೆಗೆ ಮುಂಚೆ ಕಿತ್ತುಹಾಕಿರಲಿಲ್ಲ. ಪರೀಕ್ಷಿಸಿದ್ದನ್ನೇ ಹಾರಿಸು, ಹಾರಿಸುವುದನ್ನೇ ಪರೀಕ್ಷಿಸು ಎಂಬುದು ಅವರ ನಿಯಮವಾಗಿತ್ತು. ಆ ಜಾಡು ಇರದಿದ್ದರೆ ಪಡಿಯಚ್ಚಿನಲ್ಲೂ ಬರೀ ರೀಸೆಟ್ ಕಾಣುತ್ತಿತ್ತು, ಕಾರಣ ಕಾಣುತ್ತಿರಲಿಲ್ಲ. ಉಡಾವಣೆಗೆ ಮುಂಚಿನ ಪರೀಕ್ಷೆಯಲ್ಲಿ ಈ ದೋಷ ಒಂದೆರಡು ಸಲ ತಲೆಯೆತ್ತಿ, ಮತ್ತೆ ಬರಿಸಲಾಗದೆ, ವಿವರಿಸಲೂ ಆಗದೆ ಉಳಿದುಹೋಗಿತ್ತು ಎಂಬುದೂ ಗಮನಿಸಬೇಕಾದ ಸಂಗತಿ. ಇನ್ನು, ಪಾಥ್‌ಫೈಂಡರಿಗೆ ಆಜ್ಞೆ ಕೊಡುತ್ತಿದ್ದದ್ದು ಒಂದೇ ತಂಡ. ಅದು ಏನು ಮಾಡುತ್ತಿತ್ತು ಎಂಬುದು ಮೊದಲಿಂದ ಕೊನೆಯವರೆಗೆ ಗೊತ್ತಿತ್ತು. ಲಕ್ಷಾಂತರ ಜನ ಒಟ್ಟಿಗೆ ಬಳಸುವ ಸರ್ವರಿನ ಮಾತು ಹಾಗಲ್ಲ. ಯಾವ ಊರಿನ ಯಾರು ಯಾವ ಮಿಲಿಸೆಕೆಂಡಿನಲ್ಲಿ ಗುಂಡಿ ಒತ್ತಿದರು, ಯಾರ ಮೊಬೈಲ್ ಸಿಗ್ನಲ್ ನಡುವೆ ಕಡಿದುಹೋಯಿತು, ಇದರ ಪಡಿಯಚ್ಚನ್ನು ಯಾವ ಪ್ರಯೋಗಾಲಯವೂ ತಯಾರಿಸಲಾರದು. ಮೂಲವನ್ನೇ ನೋಡಬೇಕು.

ಹೇಗೆ ನೋಡುವುದು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಈ ಕುಶಲಕಲೆಯ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ, ಇದರಲ್ಲಿ ನಮ್ಮವರ ಪಾಲೂ ಇದೆ. ದೋಷ ಹುಡುಕುವ ಹಳೆಯ ಉಪಕರಣಗಳಾದ ಡಿಬಗರುಗಳು ಕಾರ್ಯಾಗಾರಕ್ಕಾಗಿ ಹುಟ್ಟಿದವು. ಜಿಡಿಬಿಯಂಥ ಉಪಕರಣವನ್ನು ಓಡುವ ಪ್ರೋಗ್ರಾಮಿಗೆ ತಗುಲಿಸಿದರೆ ಅದು ಮೊದಲು ಮಾಡುವ ಕೆಲಸವೇ ಪ್ರೋಗ್ರಾಮನ್ನು ನಿಲ್ಲಿಸುವುದು. ಎಂಜಿನಿಯರು ಯೋಚಿಸುತ್ತ ಕುಳಿತಿರುವಾಗ ಅತ್ತ ನೂರಾರು ಬಳಕೆದಾರರ ಗಡುವು ಮೀರುತ್ತದೆ. ನೆರೆಯ ಸರ್ವರುಗಳು ಇದು ಸತ್ತಿತೆಂದು ತಿಳಿದು ಇದರ ಹೊರೆಯನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತವೆ. ಸ್ಟ್ರೇಸ್ ಎಂಬ ಇನ್ನೊಂದು ಉಪಕರಣ ಇಷ್ಟು ಹೊತ್ತು ನಿಲ್ಲಿಸದು, ಆದರೆ ಪ್ರೋಗ್ರಾಂ ಕರ್ನೆಲನ್ನು ಕರೆದಾಗಲೆಲ್ಲ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ತಡೆಯುತ್ತದೆ. ಪದೇಪದೇ ಕರೆ ಮಾಡುವ ಸರ್ವರಿಗೆ ಇದು ಕಾಲಿಗೆ ಕಲ್ಲು ಕಟ್ಟಿದಂತೆ. ಈ ಇಕ್ಕಟ್ಟಿಗೆ ಮೊದಲ ತೃಪ್ತಿಕರ ಉತ್ತರ ಕೊಟ್ಟವರು ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರಯಾನ್ ಕ್ಯಾಂಟ್ರಿಲ್, ಮೈಕ್ ಶಪೀರೊ ಮತ್ತು ಆಡಂ ಲೆವೆಂಥಾಲ್ ಎಂದು ನನ್ನ ಎಣಿಕೆ. 2004ರಲ್ಲಿ ಅವರು ಪ್ರಬಂಧದ ಮೂಲಕ ವಿವರಿಸಿದ ಡಿಟ್ರೇಸ್, ಮರುವರ್ಷ ಬಂದ ಸೋಲಾರಿಸ್ 10ರ ಭಾಗವಾಯಿತು. ವ್ಯವಸ್ಥೆಯ ತುಂಬ 30,000ಕ್ಕೂ ಹೆಚ್ಚು ಇಣುಕುಕಿಂಡಿಗಳು. ಯಾರೂ ನೋಡದಿದ್ದಾಗ ಅವುಗಳಿಗೆ ಖರ್ಚೇ ಇಲ್ಲ. ನೋಡಬೇಕೆಂದಾಗ, ಬೇಕಾದ ಕಿಂಡಿಯೊಂದನ್ನೇ ತೆರೆದು ನೋಡಿ ಮುಚ್ಚಬಹುದು. ಪ್ರಶ್ನೆ ಕೇಳಲು ಕೊಟ್ಟ ಭಾಷೆಯಲ್ಲಿ ಅವರು ಲೂಪನ್ನೇ ಇಡಲಿಲ್ಲ. ಕೇಳುವವನು ಎಷ್ಟೇ ಎಡವಟ್ಟು ಪ್ರಶ್ನೆ ಬರೆದರೂ ಅದು ಕೊನೆಯಿಲ್ಲದೆ ಸುತ್ತುತ್ತ ಸರ್ವರನ್ನು ಕಟ್ಟಿಹಾಕಬಾರದು. ವ್ಯವಸ್ಥೆಯನ್ನು ಬದಲಿಸುವ ಕ್ರಿಯೆಗಳಿಗೆ ಅವರು ‘ವಿನಾಶಕ’ ಎಂದೇ ಹೆಸರಿಟ್ಟು, ಬೇರೆಯಾಗಿ ಅನುಮತಿ ಕೇಳಿದ ಹೊರತು ನಡೆಯದಂತೆ ಮಾಡಿದರು. ನೋಡುವುದು ಒಂದು, ಮುಟ್ಟುವುದು ಇನ್ನೊಂದು ಎಂಬ ವಿವೇಕ ಉಪಕರಣದ ರಚನೆಯೊಳಗೇ ಸೇರಿಹೋಯಿತು.

ಲಿನಕ್ಸಿನಲ್ಲಿ ಇದೇ ಕೆಲಸದ ತಳಪಾಯ ಕೆಪ್ರೋಬ್ಸ್. ಓಡುತ್ತಿರುವ ಕರ್ನೆಲಿನ ಒಂದು ಆದೇಶದ ಜಾಗದಲ್ಲಿ ತಡೆಯ ಗುರುತಿಟ್ಟು, ಅಲ್ಲಿಗೆ ಬಂದಾಗ ಬೇಕಾದ ಮಾಹಿತಿ ಬರೆದುಕೊಂಡು, ಎತ್ತಿಟ್ಟಿದ್ದ ಮೂಲ ಆದೇಶವನ್ನು ನಡೆಸಿ ಮುಂದೆ ಕಳಿಸುವ ಜಾಣ್ಮೆ ಅದು. ಕರ್ನೆಲಿನಲ್ಲಿ ಕೆಪ್ರೋಬ್ಸ್ ಇರುವ ಕಡತದ ತಲೆಯಲ್ಲಿ ಮೊದಲ ರಚನೆಯ ಕಾಲ 2002ರ ಅಕ್ಟೋಬರ್ ಎಂದಿದೆ, ಬರೆದವರ ವಿಳಾಸ ಐಬಿಎಂ ಭಾರತದ್ದು. ಅದನ್ನು ಬೆಳೆಸಿ 2004ರಲ್ಲಿ ಕರ್ನೆಲಿನ ಮುಖ್ಯ ವಾಹಿನಿಗೆ ಸೇರಿಸಿದವರಲ್ಲಿ ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡಿದ ಎಂಜಿನಿಯರುಗಳಿದ್ದರು. ಇದೇ ಜಾಣ್ಮೆಯನ್ನು ಬಳಕೆದಾರರ ಪ್ರೋಗ್ರಾಮುಗಳಿಗೆ ಹಿಗ್ಗಿಸಿದ ಅಪ್ರೋಬ್ಸ್ 2012ರಲ್ಲಿ ಸೇರಿತು. ಜಗತ್ತಿನ ಯಾವುದೋ ಮೂಲೆಯ ಸರ್ವರ್ ನಿಲ್ಲದೆ ತನ್ನ ಒಳಗನ್ನು ತೋರಿಸುವಾಗ ಅದರ ಹಿಂದೆ ಬೆಂಗಳೂರಿನ ಈ ಕೈಚಳಕವಿದೆ. ಇದು ನಮ್ಮ ನಗರದಲ್ಲೇ ಹೆಚ್ಚು ಜನಕ್ಕೆ ತಿಳಿದಿರಬೇಕಿತ್ತು. 2014ರಿಂದ ರೂಪುಗೊಂಡ ಇಬಿಪಿಎಫ್ ಇದರ ಮೇಲೆ ಒಬ್ಬ ಕಟ್ಟುನಿಟ್ಟಿನ ಪರಿಶೀಲಕನನ್ನು ಕೂರಿಸಿತು. ನೋಡಲು ಬಂದ ಪುಟ್ಟ ಪ್ರೋಗ್ರಾಮನ್ನು ಒಳಗೆ ಬಿಡುವ ಮುನ್ನ ಅದು ಮುಗಿಯುವುದೇ, ತನ್ನದಲ್ಲದ ಮೆಮೊರಿಗೆ ಕೈ ಹಾಕುವುದೇ ಎಂದು ಸಾಲುಸಾಲಾಗಿ ತಪಾಸಣೆ. ಮೊದಮೊದಲು 4,096 ಆದೇಶಗಳಿಗಿಂತ ಉದ್ದದ ಪ್ರೋಗ್ರಾಮನ್ನು ಅದು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿತ್ತು.

ನೋಡಿದರೂ ಸ್ಥಿತಿ ಅಲುಗಾಡುತ್ತದಲ್ಲ ಎಂಬ ಆಕ್ಷೇಪವನ್ನು ಒಪ್ಪಬೇಕು. ಮೈಕ್ರೋಸೆಕೆಂಡಿನ ಓಟದಲ್ಲಿ ಹುಟ್ಟುವ ದೋಷಗಳು ಕಿಂಡಿ ತೆರೆದ ಮಾತ್ರಕ್ಕೇ ಮರೆಯಾದದ್ದುಂಟು. ಅಂಥ ಕಡೆ ನೋಟವನ್ನು ಇನ್ನೂ ಹಗುರ ಮಾಡಬೇಕು ಎನ್ನಬಹುದೇ ಹೊರತು ಕಣ್ಣು ಮುಚ್ಚಿಕೊಳ್ಳೋಣ ಎನ್ನಲಾಗದು.

ಮುಟ್ಟುವುದರ ಅಪಾಯ ಬಲು ದೊಡ್ಡದು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರುಗಳ ಪೈಕಿ ಏಳಕ್ಕೆ ಹೊಸ ತಂತ್ರಾಂಶ ಹೋಗಿತ್ತು, ಒಂದಕ್ಕೆ ಹೋಗಿರಲಿಲ್ಲ. ಆ ಒಂದರಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಭಾಗ ಎಚ್ಚೆತ್ತು, ಲಗಾಮಿಲ್ಲದೆ ಷೇರುಗಳ ಕೊಡುಕೊಳ್ಳು ನಡೆಸಿತು. ಮಾರುಕಟ್ಟೆ ತೆರೆಯುವ ಮುನ್ನವೇ ವ್ಯವಸ್ಥೆ ಈ ದೋಷವನ್ನು ಹೆಸರಿಸಿ 97 ಮಿಂಚಂಚೆ ಕಳಿಸಿತ್ತು ಎಂದು ಅಲ್ಲಿನ ಷೇರು ನಿಯಂತ್ರಕರ ಆದೇಶದಲ್ಲಿದೆ. ಯಾರೂ ಅದರ ಮೇಲೆ ಕ್ರಮ ಕೈಗೊಳ್ಳಲಿಲ್ಲ. ಗಾಬರಿಯಲ್ಲಿ ಎಂಜಿನಿಯರುಗಳು ಸರಿಯಾಗಿದ್ದ ಏಳು ಸರ್ವರುಗಳಿಂದ ಹೊಸ ತಂತ್ರಾಂಶವನ್ನು ಕಿತ್ತರು. ಆಗ ಒಂದರ ರೋಗ ಎಂಟಕ್ಕೂ ಹಬ್ಬಿತು. ಓಡುವ ಯಂತ್ರದ ಬಳಿ ಹೋಗಬಾರದೆನ್ನುವವರು ಈ ಪ್ರಕರಣವನ್ನು ಎತ್ತಿ ತೋರಿಸುತ್ತಾರೆ. ನನಗೆ ಇದರಲ್ಲಿ ಕಾಣುವುದು, ನೋಡುವುದಕ್ಕೆ ಮುಂಚೆ ಮುಟ್ಟಿದ್ದರ ಫಲ. ಯಾವ ಸರ್ವರಿನಿಂದ ಆ ಆರ್ಡರುಗಳು ಹೊರಡುತ್ತಿವೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೈಯಲ್ಲಿದ್ದಿದ್ದರೆ ಏಳರ ಮೇಲೆ ಯಾರೂ ಕೈಯಿಡುತ್ತಿರಲಿಲ್ಲ.

ಕಳ್ಳರಿಗೂ ಅದೇ ಬಾಗಿಲು ತೆರೆದಿರುತ್ತದಲ್ಲ ಎನ್ನುವ ಭಯಕ್ಕೂ ಆಧಾರವಿದೆ. 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸಿನ ಆಸುಪಾಸಿನಲ್ಲಿ, ವೊಡಾಫೋನ್ ಗ್ರೀಸ್‌ನ ಜಾಲದಲ್ಲಿ ಸುಮಾರು ನೂರು ಫೋನುಗಳ ಮಾತನ್ನು ಯಾರೋ ಕದ್ದು ಕೇಳತೊಡಗಿದರು. ಪ್ರಧಾನಿಯ ಫೋನೂ ಅದರಲ್ಲಿತ್ತು. ಟೆಲಿಫೋನ್ ಎಕ್ಸ್‌ಚೇಂಜ್ ನಿಲ್ಲುವಂತಿಲ್ಲವಾದ್ದರಿಂದ ಎರಿಕ್ಸನ್‌ನ ಎಎಕ್ಸ್‌ಇ ಎಕ್ಸ್‌ಚೇಂಜುಗಳಲ್ಲಿ ಓಡುತ್ತಿರುವಾಗಲೇ ತಂತ್ರಾಂಶ ತಿದ್ದುವ ಸೌಕರ್ಯವಿತ್ತು. ಅದನ್ನೇ ಬಳಸಿ, ಒಮ್ಮೆಯೂ ನಿಲ್ಲಿಸದೆ, ಕಳ್ಳ ತಂತ್ರಾಂಶವನ್ನು ಸೇರಿಸಿದ್ದರು. ನನ್ನ ವಾದಕ್ಕೆ ಇದಕ್ಕಿಂತ ಬಿರುಸಾದ ಪ್ರತಿಸಾಕ್ಷಿ ಇರಲಾರದು. ಆದರೆ ಆ ಕಳ್ಳರು ಬಳಸಿದ್ದು ಮುಟ್ಟುವ ಬಾಗಿಲು. ಒಳಗೆ ಹೋದ ಮೇಲೆ ಅವರು ಜೋಪಾನವಾಗಿ ಮಾಡಿದ್ದು ನೋಡುವ ಕಿಂಡಿಗಳನ್ನು ಮುಚ್ಚುವ ಕೆಲಸ: ಓಡುತ್ತಿರುವ ಭಾಗಗಳ ಪಟ್ಟಿಯಿಂದ ತಮ್ಮನ್ನು ಅಳಿಸಿಕೊಂಡರು, ಆಜ್ಞೆಗಳ ದಾಖಲೆ ಬರೆಯದಂತೆ ಮಾಡಿದರು. 2005ರ ಜನವರಿಯಲ್ಲಿ ಅವರದೇ ಒಂದು ತಿದ್ದುಪಡಿ ಎಡವಿ, ಕೆಲವು ಎಸ್ಸೆಮ್ಮೆಸ್ ತಲುಪದೆ ಹೋದಾಗ ಗುಟ್ಟು ಹೊರಬಿತ್ತು. ಪತ್ತೆಯಾದ ಮೇಲೆ ಕಂಪನಿ ಕಳ್ಳ ತಂತ್ರಾಂಶವನ್ನು ಕೂಡಲೇ ಕಿತ್ತುಹಾಕಿತು. ಅತ್ತ ಕದ್ದು ಕೇಳುತ್ತಿದ್ದವರಿಗೆ ಸುಳಿವು ಹತ್ತಿತು, ಅವರ ಜಾಡು ಹಿಡಿಯುವ ಅವಕಾಶ ತಪ್ಪಿತು. ಕಿತ್ತದ್ದು ತಪ್ಪಲ್ಲ, ನೋಡುವ ಮುನ್ನ ಕಿತ್ತದ್ದು ನಷ್ಟ. ಎರಡು ಬಾಗಿಲಿಗೆ ಎರಡು ಬೀಗ, ಎರಡು ಬೀಗದಕೈ ಇಬ್ಬರ ಬಳಿ ಇರಬೇಕು, ನೋಡುವವರ ದಾಖಲೆ ಮುಟ್ಟುವವರ ಕೈಗೆ ಸಿಗದ ಇನ್ನೊಂದು ಯಂತ್ರದಲ್ಲಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಉಳಿದ ಆಕ್ಷೇಪ ಜನರ ಮಾನದ್ದು. ಸರ್ವರಿನ ಮೆಮೊರಿಯಲ್ಲಿ ಹರಿಯುವುದು ಬೇರೆಯವರ ಕಾಗದಪತ್ರ: ಯಾರದೋ ಖಾತೆ, ಯಾರದೋ ರೋಗದ ವಿವರ. ದೋಷ ಹುಡುಕುವ ನೆಪದಲ್ಲಿ ಎಂಜಿನಿಯರು ಅದನ್ನೆಲ್ಲ ಓದಬಹುದೇ? ಓದಕೂಡದು. ಬರೆದಿಡಲೂ ಕೂಡದು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿಕೊಳ್ಳಲು ಸೂಚಿಸಬೇಕಾಯಿತು. ಗೂಢರೂಪಕ್ಕೆ ತಿರುಗುವ ಮುನ್ನವೇ ಪಾಸ್‌ವರ್ಡುಗಳು ಒಳಗಿನ ಲಾಗಿನಲ್ಲಿ ದಾಖಲಾಗುತ್ತಿದ್ದವು. ಕಂಡದ್ದನ್ನೆಲ್ಲ ಬರೆದುಕೊಳ್ಳುವ ಚಾಳಿಯಿಂದ ಆಗುವ ಅನಾಹುತ ಇದು. ಆದರೆ ಸೌಟು ಯಾರ ಕೈಯಲ್ಲಿದೆ ಎಂದು ತಿಳಿಯಲು ಉಣ್ಣುವವರ ಹೆಸರು ಕೇಳಬೇಕಾಗಿಲ್ಲ. ಎಷ್ಟು ವಿನಂತಿ, ಎಲ್ಲಿ ಕಾದಿವೆ, ಎಷ್ಟು ಹೊತ್ತಿನಿಂದ ಎಂಬಿಷ್ಟು ಸಾಕು. ಡಿಟ್ರೇಸ್ ಮತ್ತು ಇಬಿಪಿಎಫ್ ಎರಡರಲ್ಲೂ ಈ ಎಣಿಕೆ ಕರ್ನೆಲಿನ ಒಳಗೇ ನಡೆದು ಒಟ್ಟು ಮೊತ್ತ ಮಾತ್ರ ಹೊರಬರುವಂತೆ ಮಾಡಬಹುದು. ವೈಯಕ್ತಿಕ ದತ್ತಾಂಶಕ್ಕೆ ರಕ್ಷಣೆ ಕೊಡುವ ಕಾಯ್ದೆ 2023ರಲ್ಲಿ ನಮ್ಮ ದೇಶದಲ್ಲೂ ಆಗಿದೆ. ಅದರ ಆಶಯಕ್ಕೂ ನಾನು ಹೇಳುತ್ತಿರುವ ನೋಟಕ್ಕೂ ವಿರೋಧವಿಲ್ಲ.

ಸಾರ್ವಜನಿಕ ಸೇವೆಗಳ ತಂತ್ರಾಂಶಕ್ಕೆ ಟೆಂಡರ್ ಕರೆಯುವವರ ಮುಂದೆ ಇಡಬೇಕಾದ ಒಂದು ಬೇಡಿಕೆ ನನ್ನಲ್ಲಿದೆ. ಒಪ್ಪಿಗೆ ಕೊಡುವ ದಿನ, ನಡೆಯುತ್ತಿರುವ ಪ್ರಯೋಗದ ಮಧ್ಯೆ, ಬೇಕೆಂದೇ ಎಲ್ಲಾದರೂ ಒಂದು ಲಾಕನ್ನು ಹಿಡಿದಿಡಿ. ಎಲ್ಲಿ ಎಂದು ತಯಾರಕರಿಗೆ ಹೇಳಬೇಡಿ. ಏನನ್ನೂ ನಿಲ್ಲಿಸದೆ, ಯಾರ ವಿವರವನ್ನೂ ಓದದೆ, ವಿನಂತಿಗಳು ಎಲ್ಲಿ ಕಾಯುತ್ತಿವೆ ಎಂದು ಅವರು ಹತ್ತು ನಿಮಿಷದಲ್ಲಿ ತೋರಿಸಲಿ. ತೋರಿಸಲಾಗದಿದ್ದರೆ ಕೆಲಸ ಮುಗಿದಿಲ್ಲವೆಂದು ಬಿಲ್ಲನ್ನು ಹಿಂದಕ್ಕೆ ಕಳಿಸಿ. ತೋರಿಸುವವರು ಸಿಕ್ಕರೆ, ಅವರಿಗೆ ಕಂಡದ್ದನ್ನು ಕೌಂಟರಿನ ಪರದೆಯವರೆಗೂ ತರುವುದು ಕಷ್ಟದ ಕೆಲಸವಲ್ಲ. ಬೆರಳಚ್ಚು ತಾಳೆ ನೋಡುವ ಕಡೆಯಿಂದ ಉತ್ತರ ತಡವಾಗುತ್ತಿದೆ, ನಿಮ್ಮ ಮುಂದೆ ಇನ್ನೂರು ಜನರಿದ್ದಾರೆ ಎಂದು ಅಲ್ಲಿ ಕನ್ನಡದಲ್ಲಿ ಬರೆದಿದ್ದರೆ, ಕೂಲಿ ಬಿಟ್ಟು ಬಂದ ಹೆಂಗಸು ಜಗುಲಿಯ ಮೇಲೆ ಕೂರಬೇಕೋ ಹೊಲಕ್ಕೆ ವಾಪಸು ಹೋಗಬೇಕೋ ಎಂದು ತಾನೇ ತೀರ್ಮಾನಿಸುತ್ತಾಳೆ.